ಕುಡಿತವಲ್ಲ, ಕುಡುಗೋಲು

ಕಾಫಿ ಕೊಯ್ಲು ಶುರುವಾಯಿತೆಂದರೆ ನನಗೆ ಆ ರಾತ್ರಿ ನೆನಪಾಗುತ್ತದೆ. ಎರಡು ವರ್ಷದ ಹಿಂದಿನ ಜನವರಿ. ರೊಬಸ್ಟಾ ಗಿಡಗಳು ಹಣ್ಣಿನ ಭಾರಕ್ಕೆ ಬಾಗಿದ್ದವು, ಬೆಳಗಿನ ಮಂಜು ಒಂಬತ್ತು ಗಂಟೆಯಾದರೂ ತೋಟ ಬಿಟ್ಟು ಏಳುತ್ತಿರಲಿಲ್ಲ. ರಾತ್ರಿ ಹತ್ತರ ಸುಮಾರಿಗೆ ನಾಯಿ ಬೊಗಳಿತು. ಬಾಗಿಲು ತೆರೆದರೆ ತೋಟದ ಕೂಲಿಯವರ ಲೈನ್ ಮನೆಯಿಂದ ಒಬ್ಬ ಹೆಂಗಸು ಬಂದು ಅಂಗಳದ ಕೆಳಗೆ ನಿಂತಿದ್ದಳು. ಆನೆ ಓಡಾಡುವ ದಾರಿ; ಹಳೆಯ ಮೊಬೈಲಿನ ಬೆಳಕನ್ನು ಸೆರಗಿನಲ್ಲಿ ಅರ್ಧ ಮುಚ್ಚಿಕೊಂಡು ಒಬ್ಬಳೇ ನಡೆದು ಬಂದಿದ್ದಳು. ಮಗನಿಗೆ ಕಾಲು ನೋವು ಶುರುವಾಗಿ ಎರಡು ದಿನವಾಗಿತ್ತು. ಆಮೇಲೆ ಸೊಂಟಕ್ಕೆ ಏರಿತು. ಈಗ ಎದೆ ಹಿಡಿದುಕೊಂಡು, ಉಸಿರೆಳೆದಾಗಲೆಲ್ಲ ನರಳುತ್ತಿದ್ದಾನೆ. "ಕಾರು ಇದೆಯಲ್ಲಾ ಅಕ್ಕ" ಎಂದಳು. ಅವಳು ನನಗಿಂತ ಹದಿನೈದು ವರ್ಷವಾದರೂ ದೊಡ್ಡವಳು.

ನನ್ನ ತಂದೆ ಅರಕಲಗೂಡಿನ ಕಡೆಯಿಂದ ಬಂದು, ಕೊಡಗಿನ ಸಿದ್ದಾಪುರಕ್ಕೂ ತಿತಿಮತಿಗೂ ನಡುವಿನ ಒಂದು ತೋಟದಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವರು. ಹಾಜರಿ ಪುಸ್ತಕ, ವಾರದ ಬಟವಾಡೆ, ಮುಂಗಡದ ಲೆಕ್ಕ ಎಲ್ಲ ಅವರ ಕೈಯಲ್ಲಿ. ಕೆಲಸ ಬಿಟ್ಟ ಮೇಲೆ ತೋಟದ ಬೇಲಿಯಾಚೆ ಸಣ್ಣ ಮನೆ ಕಟ್ಟಿಕೊಂಡರು. ನಾನು ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಆದರೂ ಲೈನಿನವರಿಗೆ ನಾನು ಇಂದಿಗೂ ರೈಟರ ಮಗಳೇ. ಆ ಹುಡುಗ ನನ್ನ ಶಾಲೆಯಲ್ಲೇ ಓದುತ್ತಿದ್ದ. ಒಂಬತ್ತನೆಯ ತರಗತಿಗೆ ಬಿಟ್ಟ. ಅವನಿಗೀಗ ಇಪ್ಪತ್ತೆರಡೋ ಇಪ್ಪತ್ಮೂರೋ.

ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಬರೆದರೆ ಇದು ಆ ಒಂದು ಆಸ್ಪತ್ರೆಯ ಕಥೆಯಾಗಿ ಉಳಿದವರೆಲ್ಲ ನಿಟ್ಟುಸಿರು ಬಿಡುತ್ತಾರೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ನರ್ಸ್ ಇದ್ದರು. ನಾವು ಹೋಗುವ ಮುಂಚೆ ಯಾರೋ ಕುಡಿದು ಬಂದು ಗಲಾಟೆ ಮಾಡಿ ಹೋಗಿದ್ದರಂತೆ, ನೆಲದ ಮೇಲೆ ಇನ್ನೂ ಫಿನಾಯಿಲ್ ವಾಸನೆ ಇತ್ತು. ಹುಡುಗ ಬೆಂಚಿನ ಮೇಲೆ ಮಡಚಿಕೊಂಡು ಕುಳಿತ. ನರ್ಸ್ ರಿಜಿಸ್ಟರಿನಿಂದ ತಲೆ ಎತ್ತದೆ ಕೇಳಿದರು: "ಕುಡಿದಿದ್ದೀಯಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಅವರು ತಾಯಿಯ ಕಡೆ ತಿರುಗಿದರು. "ಎಷ್ಟು ಕುಡಿದಿದ್ದಾನೆ?" ಅವಳು ನೆಲ ನೋಡಿದಳು. ಆಗ ನಾನು ಮುಂದೆ ಹೋಗಿ, "ಮೇಡಂ, ಇವನು ಕುಡಿದಿಲ್ಲ, ನನ್ನ ಸ್ಟೂಡೆಂಟ್" ಎಂದೆ. ನರ್ಸ್ ತಲೆ ಎತ್ತಿದರು. ನನ್ನ ಕನ್ನಡಕ ಕಂಡಿತೋ, ಮಾತು ಕೇಳಿಸಿತೋ, "ನೀವು ಯಾರು?" ಎಂದರು. ಹೇಳಿದೆ. "ಕುಳಿತುಕೊಳ್ಳಿ ಮೇಡಂ, ಡಾಕ್ಟರನ್ನು ಕರೆಯುತ್ತೇನೆ" ಎಂದರು. ಹತ್ತು ನಿಮಿಷದಲ್ಲಿ ಡಾಕ್ಟರ್ ಬಂದರು, ಆಮ್ಲಜನಕ ಹಾಕಿದರು, ಡ್ರಿಪ್ ಏರಿತು, ನೋವಿಗೆ ಇಂಜೆಕ್ಷನ್ ಆಯಿತು. ಒಂದು ಗಂಟೆಯ ಹೊತ್ತಿಗೆ ನಾನು ಮನೆಗೆ ಬಂದು, ಒಳ್ಳೆಯ ಕೆಲಸ ಮಾಡಿದವರಿಗೆ ಬರುವಂಥ ಗಾಢ ನಿದ್ದೆ ಮಾಡಿದೆ.

ಮರುದಿನ ಶಾಲೆಗೆ ಹೋಗುವ ಮುಂಚೆ ಫ್ಲಾಸ್ಕಿನಲ್ಲಿ ಗಂಜಿ ತೆಗೆದುಕೊಂಡು ಹೋದೆ. ಅವಳು ವಾರ್ಡಿನ ಹೊರಗೆ ಗೋಡೆಗೆ ಒರಗಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಯ ಚೀಲ ಬಿಚ್ಚಿದಾಗ ಅಡಿಕೆ ಹೋಳು, ಸುಣ್ಣದ ಡಬ್ಬಿ, ಹೊಗೆಸೊಪ್ಪಿನ ನಡುವೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಕಾರ್ಡ್ ಕಂಡಿತು. ಕೇಳಿ ತೆಗೆದುಕೊಂಡು ನೋಡಿದೆ. ಸುಣ್ಣದ ಬೆರಳಿನ ಗುರುತು ಅಂಟಿದ್ದ ಆ ಕಾರ್ಡಿನಲ್ಲಿ ಹುಡುಗನ ಹೆಸರಿತ್ತು, ಅವನಿಗೆ ಸಿಕಲ್ ಸೆಲ್ ಕಾಯಿಲೆ ಇದೆ ಎಂದು ಬರೆದಿತ್ತು. ಹಿಂದಿನ ವರ್ಷ ಯಾವುದೋ ಶಿಬಿರದಲ್ಲಿ ರಕ್ತ ಪರೀಕ್ಷೆ ಮಾಡಿ ಕೊಟ್ಟದ್ದು.

"ಇದನ್ನು ರಾತ್ರಿಯೇ ಏಕೆ ತೋರಿಸಲಿಲ್ಲ?" ಎಂದೆ. ಸ್ವಲ್ಪ ಗದರಿಸಿಯೇ ಕೇಳಿದೆ ಎಂದು ಕಾಣುತ್ತದೆ.

"ಕಾರ್ಡ್ ಇದೆಯಾ ಎಂದು ಯಾರೂ ಕೇಳಲಿಲ್ಲವಲ್ಲಾ ಅಕ್ಕ" ಎಂದಳು. "ಕುಡಿದಿದ್ದಾನಾ ಎಂದು ಕೇಳಿದರು."

ಮೂರು ಲೀಟರ್ ನೀರು

ಸಿಕಲ್ ಎಂದರೆ ಕುಡುಗೋಲು. ದುಂಡಗೆ, ಮೆತ್ತಗೆ ಇರಬೇಕಾದ ಕೆಂಪು ರಕ್ತಕಣ, ಆಮ್ಲಜನಕ ಕಡಿಮೆಯಾದಾಗ ಬಿಗಿದು ಕುಡುಗೋಲಿನಂತೆ ಬಾಗುತ್ತದೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಅಲ್ಲಿಂದ ಮುಂದಿನ ಎಲುಬು, ಮಾಂಸಕ್ಕೆ ರಕ್ತ ಹೋಗುವುದಿಲ್ಲ. ಆ ನೋವನ್ನು ಹೊರಗಿನಿಂದ ಕಾಣಲಾಗುವುದಿಲ್ಲ. ಎಷ್ಟೋ ಸಲ ಬಾವು ಇರುವುದಿಲ್ಲ, ಗಾಯ ಇರುವುದಿಲ್ಲ. ಎಲುಬಿನೊಳಗೆ ಯಾರೋ ಕುಡುಗೋಲು ಆಡಿಸಿದಂತೆ ನೋವು ಮಾತ್ರ. ಎದೆಗೆ ಬಂದರೆ ಪ್ರಾಣಕ್ಕೇ ಕುತ್ತು. ಇಂಥ ನೋವಿನಲ್ಲಿ ಮನುಷ್ಯ ಮಾತಾಡಿದರೆ ತೊದಲುತ್ತಾನೆ, ನಿಂತರೆ ತೂರಾಡುತ್ತಾನೆ. ತೊದಲುವ, ತೂರಾಡುವ ಯರವನನ್ನು, ಅಂದರೆ ತೋಟದ ಕೂಲಿಗಿರುವ ಇಲ್ಲಿನ ಆದಿವಾಸಿಯನ್ನು, ಕಂಡರೆ ಕೊಡಗಿನಲ್ಲಿ ಯಾರಿಗಾದರೂ ಮೊದಲು ಏನು ಹೊಳೆಯುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇದು ತಂದೆ ತಾಯಿಯಿಂದ ಬರುವ ಕಾಯಿಲೆ. ಇಬ್ಬರಲ್ಲೂ ಒಂದೊಂದು ದೋಷದ ವಂಶವಾಹಿ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಒಂದೇ ಇರುವವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಬದಲಿಗೆ ಮಲೇರಿಯಾ ಉಗ್ರವಾಗದಂತೆ ಅದು ಕಾಯುತ್ತದೆ. ಮಲೇರಿಯಾ ಬೇರೂರಿದ್ದ ಕಾಡುಗಳ ಜನರಲ್ಲಿ ಇದು ಉಳಿದುಬಂದಿರುವುದು ಅದಕ್ಕೇ. ಭಾರತದಲ್ಲಿ ಇದು ಮೊದಲು ಗುರುತಾದದ್ದು ದೂರದಲ್ಲೆಲ್ಲೂ ಅಲ್ಲ, 1952ರಲ್ಲಿ, ಪಕ್ಕದ ನೀಲಗಿರಿಯಲ್ಲಿ. ಅಂದರೆ ನಮ್ಮ ಸುತ್ತಿನ ಬೆಟ್ಟಗಳಲ್ಲಿ ಈ ಕಾಯಿಲೆ ಇದೆ ಎಂದು ಗೊತ್ತಾಗಿ ಏಳು ದಶಕ ಕಳೆದಿದೆ. 2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನೆಯ ಅಭಿಯಾನ ಆರಂಭಿಸಿತು. 17 ರಾಜ್ಯಗಳಲ್ಲಿ 7 ಕೋಟಿ ಜನರ ತಪಾಸಣೆ, 2047ರೊಳಗೆ ಕಾಯಿಲೆಗೆ ಅಂತ್ಯ. ಕರ್ನಾಟಕವೂ ಅದರಲ್ಲಿದೆ. ಅಭಿಯಾನವನ್ನು ಆಡಿಕೊಳ್ಳುವುದು ನನ್ನ ಉದ್ದೇಶವಲ್ಲ. ಹುಡುಗನ ಕೈಗೆ ಆ ಕಾರ್ಡ್ ಬಂದದ್ದೇ ಅಂಥ ತಪಾಸಣೆಗಳಿಂದ. ಆದರೆ ಕಾರ್ಡ್ ಕೊಡುವವರು ಒಬ್ಬರು, ಕಾರ್ಡ್ ಕೇಳಬೇಕಾದವರು ಇನ್ನೊಬ್ಬರು. ಇವರಿಬ್ಬರ ನಡುವಿನ ದಾರಿಯಲ್ಲಿ ಅದು ಎಲೆ ಅಡಿಕೆ ಚೀಲದಲ್ಲಿ ಕುಳಿತಿರುತ್ತದೆ.

ಡಿಸ್ಚಾರ್ಜ್ ಮಾಡುವಾಗ ಡಾಕ್ಟರ್ ಹೇಳಿದ ಮಾತು ಒಂದೊಂದೂ ಸರಿಯೇ. ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕು. ಚಳಿಗೆ ಮೈ ಒಡ್ಡಬಾರದು. ಭಾರ ಎತ್ತಬಾರದು. ಮಾತ್ರೆ ತಪ್ಪಿಸಬಾರದು. ಹುಡುಗ ಪ್ರತಿಯೊಂದಕ್ಕೂ ತಲೆಯಾಡಿಸಿದ. ನಾನು ಪಕ್ಕದಲ್ಲಿ ನಿಂತು ಕೇಳುತ್ತಾ ಕೊಯ್ಲಿನ ಒಂದು ದಿನವನ್ನು ಮನಸ್ಸಿನಲ್ಲೇ ನಡೆಸಿ ನೋಡಿದೆ. ಬೆಳಗ್ಗೆ ಎಂಟಕ್ಕೆ ತೋಟದೊಳಗೆ ಇಳಿದರೆ ಪ್ರತಿ ಗಿಡ ಮುಟ್ಟಿದಾಗಲೂ ಇಬ್ಬನಿ ಮೈಮೇಲೆ ಸುರಿಯುತ್ತದೆ, ಅಂಗಿ ಹತ್ತು ಗಂಟೆಯವರೆಗೂ ಒದ್ದೆ. ಕೂಲಿ ಕಿಲೋ ಲೆಕ್ಕ, ನೀರು ಕುಡಿಯಲು ನಿಂತರೆ ಹಣ್ಣು ಕಡಿಮೆ. ಹೆಂಗಸರಂತೂ ಬೇಕೆಂದೇ ನೀರು ಕುಡಿಯುವುದಿಲ್ಲ. ಕುಡಿದರೆ ಹೋಗುವುದೆಲ್ಲಿ, ತೋಟದಲ್ಲಿ ಮರೆ ಎಲ್ಲಿದೆ? ಸಂಜೆ ಚೀಲ ತುಂಬಿದ ಮೇಲೆ ಅದನ್ನು ಹೊತ್ತು ಏರು ಹತ್ತಿ ತೂಕದ ಜಾಗಕ್ಕೆ ತರಬೇಕು. ಡಾಕ್ಟರ್ ಬೇಡ ಎಂದದ್ದೆಲ್ಲವನ್ನೂ ಸೇರಿಸಿದರೆ ಅದಕ್ಕೆ ಕಾಫಿ ಕೊಯ್ಲು ಎಂದು ಹೆಸರು. ಅವರು ಅದನ್ನು ಬಿಟ್ಟು ಇನ್ನೇನು ಹೇಳಲು ಸಾಧ್ಯವಿತ್ತು ಎಂದು ಕೇಳಿದರೆ ನನ್ನ ಬಳಿಯೂ ಉತ್ತರವಿಲ್ಲ. ಆದರೆ "ಏನು ಕೆಲಸ ಮಾಡುತ್ತೀಯಾ" ಎಂದು ಒಂದು ಮಾತು ಕೇಳಿದ್ದರೆ ಆ ಪಟ್ಟಿ ಸ್ವಲ್ಪ ಬೇರೆಯಾಗುತ್ತಿತ್ತು. ಬಾಟಲಿ ಕಟ್ಟಿಕೊಂಡು ಹೋಗು, ಬಿಸಿಲೇರಿದ ಮೇಲೆ ಇಳಿ, ಚೀಲ ಅರ್ಧ ತುಂಬಿಸಿ ಎರಡು ಸಲ ಹೊರು ಎಂದಾದರೂ ಹೇಳಬಹುದಿತ್ತು.

ಕುಡಿತದ ಬಗ್ಗೆಯೂ ಮುಚ್ಚಿಡುವುದು ಬೇಡ. ಲೈನ್ ಮನೆಗಳಲ್ಲಿ ಕುಡಿತ ಇದೆ. ಬಟವಾಡೆಯ ಸಂಜೆ ದುಡ್ಡು ಮನೆಗೆ ಬರುವ ಮುಂಚೆ ಅಂಗಡಿಗೆ ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. 2007ರ ಜುಲೈಯಲ್ಲಿ ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಬಂತು. ಮೂವತ್ತು ದಾಟದೆ ಸತ್ತವರನ್ನು ಹೆಸರು ಹಿಡಿದು ಎಣಿಸಬಲ್ಲೆ. ಆದರೆ ಇದೇ ಕೊಡಗಿನಲ್ಲಿ ಮದುವೆ ಮನೆಯಲ್ಲಿ ಕುಡಿಯದವರು ಎಷ್ಟು ಜನ? ತೋಟದ ಸಾಹುಕಾರರು ಎದೆ ನೋವೆಂದು ಆಸ್ಪತ್ರೆಗೆ ಹೋದರೆ ಅವರಿಗೂ ಕುಡಿತದ ಪ್ರಶ್ನೆ ಬರುತ್ತದೆ, ಬರಲೇಬೇಕು. ಅದು ಇಸಿಜಿ ಆದ ಮೇಲೆ ಬರುತ್ತದೆ, "ಡ್ರಿಂಕ್ಸ್ ತೆಗೆದುಕೊಳ್ಳುತ್ತೀರಾ ಸಾರ್" ಎಂದು ಬರುತ್ತದೆ. ಇಲ್ಲಿ ಅದು ಬಾಗಿಲಲ್ಲೇ ನಿಂತಿರುತ್ತದೆ, ಅದನ್ನು ದಾಟದೆ ಒಳಗೆ ಹೋಗುವಂತಿಲ್ಲ.

ನನ್ನ ಪಾಲನ್ನೂ ಹೇಳಿಬಿಡುತ್ತೇನೆ. ಆ ಹುಡುಗ ನನ್ನ ತರಗತಿಯಲ್ಲಿದ್ದಾಗ ಮಳೆಗಾಲದಲ್ಲಿ ವಾರಕ್ಕೆ ಎರಡು ದಿನ ಬರುತ್ತಿರಲಿಲ್ಲ. ಕೇಳಿದರೆ "ಕಾಲು ನೋವು ಮಿಸ್" ಎನ್ನುತ್ತಿದ್ದ. ಸೋಮವಾರ ಕಾಲು ನೋವು, ಗುರುವಾರ ಕಾಲು ನೋವು. ಒಮ್ಮೆ ಇಡೀ ತರಗತಿಯ ಮುಂದೆ, "ನಿನ್ನ ಕಾಲಿಗೂ ರಜೆ ಪಟ್ಟಿ ಇದೆಯಾ?" ಎಂದೆ. ಮಕ್ಕಳು ನಕ್ಕರು. ಅವನೂ ನಕ್ಕ. ಕಾರ್ಡ್ ನೋಡಿದ ದಿನ ನನಗೆ ಮೊದಲು ನೆನಪಾದದ್ದು ಆ ನಗು.

ವಚನ ಬದಲಿಸಿ ಬರೆಯಿರಿ

ಇಲ್ಲಿಯವರೆಗೆ ಬರೆದದ್ದನ್ನು ತಿರುಗಿ ಓದಿದೆ. ನರ್ಸ್ "ಕೇಳಿದರು", ಡಾಕ್ಟರ್ "ಬಂದರು", ಸಾಹುಕಾರರು "ಹೋದರೆ". ಆನೆಯ ದಾರಿಯಲ್ಲಿ ರಾತ್ರಿ ಒಬ್ಬರೇ ನಡೆದು ಬಂದ ಆ ತಾಯಿ? "ಬಂದಳು, ನಿಂತಿದ್ದಳು, ಎಂದಳು." ನಾನು ಕನ್ನಡ ಟೀಚರ್. ಏಕವಚನ, ಬಹುವಚನ, ಗೌರವಾರ್ಥದಲ್ಲಿ ಬಹುವಚನ ಎಂದು ವರ್ಷಕ್ಕೆ ಮೂರು ತರಗತಿಗಳಿಗೆ ಪಾಠ ಮಾಡುತ್ತೇನೆ, ವಚನ ಬದಲಿಸಿ ಬರೆಯಿರಿ ಎಂದು ಪ್ರಶ್ನೆ ಕೊಡುತ್ತೇನೆ. ಹಿಂದಕ್ಕೆ ಹೋಗಿ ಎಲ್ಲವನ್ನೂ ತಿದ್ದಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಿದ್ದಲಿಲ್ಲ. ಯೋಚಿಸದೆ ಬರೆದರೆ ನನ್ನ ಕೈ ಹೇಗೆ ಬರೆಯುತ್ತದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಇಲ್ಲಿಂದ ಮುಂದೆ ಅವರು ನನಗೆ 'ಅವರು'. ಹುಡುಗ ನನ್ನ ವಿದ್ಯಾರ್ಥಿ, ಅವನನ್ನು 'ಅವನು' ಎಂದೇ ಬರೆಯುತ್ತೇನೆ. ಟೀಚರಿಗೆ ಅಷ್ಟು ಸಲುಗೆ ಇರಲಿ.

ನಮ್ಮ ಮನೆಯಲ್ಲಿ ಇದನ್ನು ಯಾರೂ ಕಲಿಸಲಿಲ್ಲ, ಬಂತು. ಮೂರು ವರ್ಷದ ನಾನು ಅಜ್ಜಿಯ ವಯಸ್ಸಿನ ಹೆಂಗಸನ್ನು ಹೆಸರು ಹಿಡಿದು "ಬಾರೇ" ಎಂದು ಕರೆಯುತ್ತಿದ್ದೆನಂತೆ, ಎಲ್ಲರೂ ಮುದ್ದಾಗಿದೆ ಎಂದು ನಗುತ್ತಿದ್ದರಂತೆ. ತೋಟದಲ್ಲಿ ಜೀತ ಕಾನೂನಿನಲ್ಲಿ 1976ಕ್ಕೆ ಮುಗಿಯಿತು. ಕ್ರಿಯಾಪದದ ಕೊನೆಯಲ್ಲಿ ಇನ್ನೂ ಉಳಿದಿದೆ.

ಹಾಗೆಂದು ಎಲ್ಲರಿಗೂ "ಬನ್ನಿ, ಹೋಗಿ" ಎಂದರೆ ಮುಗಿಯಿತೇ? ಅದೂ ಇಲ್ಲ. ನಮ್ಮ ಕಡೆ ಹಿಂದೆ ಒಬ್ಬರು ಹಿರಿಯ ಆರೋಗ್ಯ ಸಹಾಯಕಿ ಇದ್ದರು. ಆದಿವಾಸಿಗಳ ಹಾಡಿಗೆ ಕೊಡೆ ಹಿಡಿದು ನಡೆದು ಬರುತ್ತಿದ್ದರು, ಬಂದವರೇ "ಏನೇ, ಮಾತ್ರೆ ನುಂಗಿದೆಯೋ ಕೋಳಿಗೆ ಹಾಕಿದೆಯೋ" ಎಂದು ಬಯ್ಯುತ್ತಿದ್ದರು. ಬರೀ ಏಕವಚನ. ಆದರೆ ಹೆರಿಗೆ ನೋವು ಬಂದರೆ ಹೆಂಗಸರು ಅವರನ್ನೇ ಕರೆಸಿ ಎನ್ನುತ್ತಿದ್ದರು. ಬೇರೊಂದು ಕಡೆ ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸುವ, ಯಾರ ಮುಖವನ್ನೂ ನೋಡದ ಕೌಂಟರನ್ನೂ ನೋಡಿದ್ದೇನೆ. ಸಲುಗೆಯ ಏಕವಚನ ಯಾವುದು, ಸಸಾರದ ಏಕವಚನ ಯಾವುದು ಎಂದು ತೀರ್ಮಾನಿಸುವವರು ಯಾರು?

ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಬಹಳ ದೂರದ ನ್ಯೂಜಿಲೆಂಡಿನಲ್ಲಿ. 1980ರ ದಶಕದ ಕೊನೆಗೆ ಅಲ್ಲಿನ ಮಾವೊರಿ ಮೂಲನಿವಾಸಿ ನರ್ಸ್ ಇರಿಹಪೆತಿ ರಾಮ್ಸ್‌ಡನ್ ಮತ್ತು ಅವರ ಜೊತೆಯವರು ಒಂದು ವಿಚಾರ ಮುಂದಿಟ್ಟರು. ಶುಶ್ರೂಷೆ ಕೈತಪ್ಪಿಲ್ಲದೆ ಇದ್ದರೆ ಸಾಲದು, ಕಾನೂನಿಗೆ ಸರಿಯಾಗಿದ್ದರೂ ಸಾಲದು. ರೋಗಿ ತಾನು ಯಾರು ಎಂಬುದನ್ನು ಬಾಗಿಲ ಹೊರಗೆ ಕಳಚಿಟ್ಟು ಬರಬೇಕಾಗಿಲ್ಲದ ಸುರಕ್ಷತೆಯೂ ಇರಬೇಕು ಎಂದರು. ಸಾಂಸ್ಕೃತಿಕ ಸುರಕ್ಷತೆ ಎಂದು ಅದಕ್ಕೆ ಹೆಸರಾಯಿತು, 1992ರಲ್ಲಿ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಅದನ್ನು ಶಿಕ್ಷಣದಲ್ಲೇ ಸೇರಿಸಿತು. ನಮ್ಮಲ್ಲಿ ಇಂಥದ್ದನ್ನು ಕೇಳಿದ ತಕ್ಷಣ ಬುಡಕಟ್ಟು ಕುಣಿತ, ಉಡುಗೆ, ಆಹಾರ ಪದ್ಧತಿಗಳ ಮೇಲೆ ಒಂದು ದಿನದ ತರಬೇತಿ ಇಟ್ಟು ಬಿಸ್ಕತ್ತು ಕೊಟ್ಟು ಕಳಿಸುತ್ತಾರೆ. ರಾಮ್ಸ್‌ಡನ್ ಹೇಳಿದ್ದು ತಿರುಗುಮುರುಗು. ನರ್ಸ್ ಮೊದಲು ತನ್ನ ಅಭ್ಯಾಸ, ತನ್ನ ಅಧಿಕಾರವನ್ನು ನೋಡಿಕೊಳ್ಳಬೇಕು; ಸುರಕ್ಷಿತವಾಗಿತ್ತೇ ಇಲ್ಲವೇ ಎಂದು ಹೇಳುವವರು ಆರೈಕೆ ಪಡೆದವರೇ ಹೊರತು ಕೊಟ್ಟವರಲ್ಲ. ಕೊಡೆಯ ಆರೋಗ್ಯ ಸಹಾಯಕಿಯ "ಏನೇ" ಒಳ್ಳೆಯದು ಎಂದು ಹಾಡಿಯ ಹೆಂಗಸರು ತೀರ್ಮಾನಿಸಿದ್ದರು. ನನ್ನ "ಬಾರೇ" ಮುದ್ದಾಗಿತ್ತು ಎಂದು ತೀರ್ಮಾನಿಸಿದ್ದು ನಮ್ಮ ಮನೆಯವರು.

ದೂರದ ಮಾತು ಬಂದದ್ದಕ್ಕೆ ಇನ್ನೊಂದು. 2008ರಲ್ಲಿ ಕೆನಡಾದ ವಿನಿಪೆಗ್ ನಗರದಲ್ಲಿ ಬ್ರಯಾನ್ ಸಿಂಕ್ಲೇರ್ ಎಂಬ ಮೂಲನಿವಾಸಿ, ಎರಡೂ ಕಾಲಿಲ್ಲದವರು, ಗಾಲಿಕುರ್ಚಿಯಲ್ಲಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದರು. ಮೂತ್ರಕೋಶದ ಸೋಂಕು, ಔಷಧಿ ಕೊಟ್ಟರೆ ವಾಸಿಯಾಗುವಂಥದ್ದು. 34 ಗಂಟೆ ಕಾಯುವ ಕೋಣೆಯಲ್ಲೇ ಕುಳಿತು ಅಲ್ಲೇ ತೀರಿಕೊಂಡರು. ಕುಡಿದು ಮಲಗಿರಬೇಕು, ಇಲ್ಲವೇ ಚಳಿಗೆ ಒಳಗೆ ಬಂದಿರಬೇಕು ಎಂದು ಕೆಲವು ಸಿಬ್ಬಂದಿ ಅಂದುಕೊಂಡಿದ್ದರು. ಓದಿದಾಗ ಮೈ ಜುಮ್ಮೆಂದಿತು. ಸಿದ್ದಾಪುರವೆಲ್ಲಿ, ವಿನಿಪೆಗ್ ಎಲ್ಲಿ. ಪ್ರಶ್ನೆ ಮಾತ್ರ ಅದೇ.

ಪರಾರಿ

ಆ ಹುಡುಗ ನಾಲ್ಕು ದಿನ ವಾರ್ಡಿನಲ್ಲಿದ್ದ. ಪಕ್ಕದ ಹಾಸಿಗೆಯಲ್ಲಿ ಇನ್ನೊಂದು ಹಾಡಿಯ ಒಬ್ಬರು ವಯಸ್ಸಾದವರಿದ್ದರು, ಜೇನು ಕುರುಬರು. ಮೂರನೆಯ ದಿನ ಹಾಸಿಗೆ ಖಾಲಿ. ಏನಾಯಿತು ಎಂದರೆ "ಅಬ್‌ಸ್ಕಾಂಡ್" ಎಂದರು. ಹೇಳದೆ ಹೋದವರಿಗೆ ಆಸ್ಪತ್ರೆಯ ದಾಖಲೆಯಲ್ಲಿ ಬರೆಯುವ ಪದವೇ ಅದು. ಪೊಲೀಸ್ ಠಾಣೆಯಲ್ಲೂ ಅದೇ ಪದ. ಕನ್ನಡದಲ್ಲಿ ಹೇಳುವುದಾದರೆ ಪರಾರಿ.

ಏಕೆ ಹೋದರು ಎಂದು ಊಹಿಸಲು ಪಾಂಡಿತ್ಯ ಬೇಕಿಲ್ಲ. ರಾತ್ರಿ ಜೊತೆಗೆ ಒಬ್ಬರೇ ಇರಬೇಕೆಂಬ ನಿಯಮ. ಅವರ ಕಡೆಯವರು ಏಳು ಜನ ಬಂದು ವರಾಂಡದಲ್ಲಿ ಮಲಗಿದ್ದರು, ಗಾರ್ಡ್ ಎಬ್ಬಿಸಿ ಹೊರಗೆ ಕಳಿಸಿದ. ಯಾವ ಸೂಜಿ ಏಕೆ ಎಂದು ಯಾರೂ ಅವರ ಮಾತಿನಲ್ಲಿ ಹೇಳಲಿಲ್ಲ. ಮೈಸೂರಿಗೆ ಕಳಿಸಬೇಕಾಗಬಹುದು ಎಂಬ ಮಾತು ಕಿವಿಗೆ ಬಿತ್ತು. ಮೈಸೂರಿಗೆ ಹೋದವರು ಬಟ್ಟೆ ಸುತ್ತಿಕೊಂಡು ವಾಪಸ್ ಬಂದದ್ದನ್ನು ಅವರ ಹಾಡಿ ನೋಡಿರುತ್ತದೆ. ಸತ್ತರೆ ತಮ್ಮ ಹಿರಿಯರನ್ನು ಹೂತ ಮಣ್ಣಿನ ಹತ್ತಿರ ಸಾಯಬೇಕು ಎನ್ನುವುದು ಅಜ್ಞಾನವೇ? ನನ್ನ ತಂದೆಯೂ ಅದನ್ನೇ ಹೇಳುತ್ತಾರೆ, ಅರಕಲಗೂಡಿಗೆ ಒಯ್ಯಿರಿ ಎಂದು. ಅದನ್ನು ನಾವು ಕೊನೆಯ ಆಸೆ ಎನ್ನುತ್ತೇವೆ.

ಇಲ್ಲೊಂದು ಅಡ್ಡಮಾತು. ಆಗಸ್ಟ್ ಮೊದಲ ವಾರ, ಕಕ್ಕಡ ತಿಂಗಳ ಹದಿನೆಂಟರ ದಿನ, ಕೊಡಗಿನಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಅಂದು ಆ ಸೊಪ್ಪಿನಲ್ಲಿ ಹದಿನೆಂಟು ಔಷಧಿ ಕೂಡಿರುತ್ತದೆಂದು ನಂಬಿಕೆ. ನೇರಳೆ ಬಣ್ಣದ ಆ ಪಾಯಸ ತಿಂದರೆ ಮೂತ್ರ ಕೆಂಪಗೆ ಹೋಗುತ್ತದೆ, ಮದ್ದು ಕೆಲಸ ಮಾಡಿತೆಂದು ಎಲ್ಲರಿಗೂ ಖುಷಿ. ನಮ್ಮ ಮನೆಯಲ್ಲೂ ಮಾಡುತ್ತೇವೆ, ನನಗೆ ಬಹಳ ಇಷ್ಟ. ಪತ್ರಿಕೆಯಲ್ಲಿ ಬಣ್ಣದ ಚಿತ್ರದೊಂದಿಗೆ ಲೇಖನ ಬರುತ್ತದೆ, ಸಂಸ್ಕೃತಿ ಎಂದು. ಬೇಲಿಯ ಆಚೆ ಒಬ್ಬ ಯರವ ಅಜ್ಜಿ ಬಾಣಂತಿಗೆ ಸೊಪ್ಪು ಅರೆದು ಕೊಟ್ಟರೆ ಅದು ಮೂಢನಂಬಿಕೆ. ಎರಡೂ ಒಂದೇ ಕಾಡಿನಂಚಿನ ಸೊಪ್ಪು. ಎಲ್ಲ ಸೊಪ್ಪೂ ಔಷಧಿ ಎಂದು ನಾನು ಹೇಳುತ್ತಿಲ್ಲ, ಸಿಕಲ್ ಸೆಲ್ಲಿನ ಉಗ್ರ ನೋವಿಗೆ ಆಸ್ಪತ್ರೆಯ ಚಿಕಿತ್ಸೆ ಬೇಕೇ ಬೇಕು. ಆದರೆ "ಏನು ಮದ್ದು ಕೊಟ್ಟಿರಿ?" ಎಂದು ಕೇಳುವುದಕ್ಕೂ "ಏನು ಹಾಳುಮೂಳು ಕುಡಿಸಿದೆ?" ಎಂದು ಕೇಳುವುದಕ್ಕೂ ಬರುವ ಉತ್ತರ ಬೇರೆ. ಎರಡನೆಯದಕ್ಕೆ ಬರುವ ಉತ್ತರ ಯಾವಾಗಲೂ "ಏನೂ ಇಲ್ಲ".

ಹೀಗಿರಬೇಕಾಗಿಲ್ಲ ಎಂದು ತೋರಿಸಿದವರು ಇದ್ದಾರೆ. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಆಸ್ಪತ್ರೆ ಕಟ್ಟುವ ಮುಂಚೆ ಅಲ್ಲಿನ ಆದಿವಾಸಿಗಳಾದ ಗೊಂಡರನ್ನು ಕೇಳಿದರು, ನೀವು ಆಸ್ಪತ್ರೆಗೆ ಏಕೆ ಬರುವುದಿಲ್ಲ ಎಂದು. ದೊಡ್ಡ ಕಟ್ಟಡದಲ್ಲಿ ದಾರಿ ತಪ್ಪುತ್ತದೆ. ಡಾಕ್ಟರು, ನರ್ಸುಗಳು ಬಿಳಿ ಬಟ್ಟೆ ಹಾಕುತ್ತಾರೆ, ನಾವು ಬಿಳಿ ಬಟ್ಟೆ ಸುತ್ತುವುದು ಹೆಣಕ್ಕೆ ಎಂದರಂತೆ. ಅಲ್ಲಿ ಗುಡಿಸಲುಗಳ ಊರಿನಂತೆ ಆಸ್ಪತ್ರೆ ಎದ್ದಿತು, ಅದಕ್ಕೆ ಅವರ ದೇವಿ ದಂತೇಶ್ವರಿಯ ಹೆಸರು. ಅಷ್ಟು ದೂರವೂ ಬೇಡ, ವಯನಾಡಿನ ಆಚೆ ಗೂಡಲೂರಿನ ಆದಿವಾಸಿ ಆಸ್ಪತ್ರೆಯಲ್ಲಿ ಪಣಿಯ, ಬೆಟ್ಟಕುರುಂಬ ಮುಂತಾದ ಸಮುದಾಯಗಳ ಹುಡುಗಿಯರೇ ತರಬೇತಿ ಪಡೆದು ನರ್ಸ್‌ಗಳಾಗಿದ್ದಾರೆ. ಅಲ್ಲಿ ನೋವನ್ನು ಮೊದಲು ಕನ್ನಡಕ್ಕೋ ತಮಿಳಿಗೋ ಅನುವಾದ ಮಾಡಿಕೊಂಡು ನರಳಬೇಕಾಗಿಲ್ಲ. ಯರವರಲ್ಲೇ ಒಂದು ಗುಂಪಾದ ಪಂಜಿರಿ ಯರವರು ತಮ್ಮನ್ನು ಯರವರು ಎಂದು ಕರೆದುಕೊಳ್ಳುವುದೇ ಇಲ್ಲ, ರಾವುಳರು ಎನ್ನುತ್ತಾರೆ. ಅವರ ನಡುವೆಯೇ ಹುಟ್ಟಿ ಬೆಳೆದ ನನಗೆ ಇದು ತಿಳಿದದ್ದು ನಲವತ್ತರ ಮೇಲೆ.

ನಾನೇ ಔಷಧಿ

ಬಹಳ ದಿನ ನನ್ನನ್ನು ಕಾಡಿದ್ದು ನರ್ಸ್ ಕೇಳಿದ ಪ್ರಶ್ನೆ ಎಂದುಕೊಂಡಿದ್ದೆ. ಈಗ ಯೋಚಿಸಿದರೆ ಅದಲ್ಲ. ಆ ರಾತ್ರಿ ಹುಡುಗನಿಗೆ ಮೊದಲು ಕೊಟ್ಟ ಔಷಧಿ ನಾನು. ನಾನು ಬಾಯಿ ತೆರೆದ ಮೇಲೆ ಡಾಕ್ಟರ್ ಬಂದರು, ಆಮೇಲೆ ಆಮ್ಲಜನಕ ಬಂತು. ಅದರಲ್ಲಿ ನನಗೆ ಹೆಮ್ಮೆಯೂ ಆಗಿತ್ತು. ಹೆಮ್ಮೆಪಡುವಾಗ ಹೊಳೆಯದೆ ಹೋದದ್ದು, ಹೀಗೆ ಪ್ರತಿ ಸಲ ಕಾರಿರುವ, ಕನ್ನಡಕ ಹಾಕಿದ ಒಬ್ಬರು ಜೊತೆಗೆ ಬಂದು ಕೆಲಸ ನಡೆಸಿಕೊಟ್ಟರೆ ಆಸ್ಪತ್ರೆ ಬದಲಾಗುವ ಅಗತ್ಯವೇ ಬೀಳುವುದಿಲ್ಲ ಎಂಬುದು. ತೋಟದ ಹಳೆಯ ಕ್ರಮವೂ ಅದೇ ತಾನೇ? ಕಾಯಿಲೆಯಾದರೆ ಸಾಹುಕಾರರು ಜೀಪು ಕೊಡುತ್ತಿದ್ದರು, ರೈಟರ್ ಚೀಟಿ ಬರೆದು ಕೊಡುತ್ತಿದ್ದರು. ನನ್ನ ತಂದೆಯ ಚೀಟಿ ತೋರಿಸಿದರೆ ಸಾಲಿನಲ್ಲಿ ನಿಲ್ಲಬೇಕಾಗಿರಲಿಲ್ಲ ಎಂದು ಈಗಲೂ ಹೇಳುವವರಿದ್ದಾರೆ. ನಾನು ಆ ಚೀಟಿಯೇ. ಸ್ವಲ್ಪ ಓದಿಕೊಂಡಿದ್ದೇನೆ, ಅಷ್ಟೇ.

ಆಸ್ಪತ್ರೆಯ ಚೀಟಿಯಲ್ಲಿ ವಿಳಾಸ ಎಂದು ಒಂದು ಜಾಗವಿತ್ತು. ಆ ತಾಯಿ ತೋಟದ ಹೆಸರು ಹೇಳಿದರು. ಅವರ ಅತ್ತೆಯೂ ಆ ಲೈನಿನಲ್ಲೇ ಸತ್ತವರು, ಮಗ ಹುಟ್ಟಿದ್ದೂ ಅಲ್ಲೇ. ಆದರೂ ಮನೆ ಅವರದಲ್ಲ, ಕೆಲಸ ಇರುವವರೆಗೆ ಮಾತ್ರ. ರೇಷನ್ ಕಾರ್ಡ್ ಮಾಡಿಸಲು, ಜಾತಿ ಪ್ರಮಾಣಪತ್ರ ತರಲು, ಆಯುಷ್ಮಾನ್ ಕಾರ್ಡಿಗೆ ಹೆಸರು ಸೇರಿಸಲು ಎಲ್ಲದಕ್ಕೂ ಇನ್ನೊಬ್ಬರ ತೋಟದ ಹೆಸರನ್ನು ಸಾಲ ಪಡೆಯಬೇಕು. ಇಂಥ ಲೈನ್ ಮನೆಗಳನ್ನು ಬಿಟ್ಟು ಬಂದ ನೂರಾರು ಕುಟುಂಬಗಳೇ ಕೊಡಗಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದ್ದು, 2016ರ ಡಿಸೆಂಬರಿನಲ್ಲಿ ಅಧಿಕಾರಿಗಳು ಅವುಗಳನ್ನು ಕಿತ್ತುಹಾಕಿದ್ದು ಎಲ್ಲರಿಗೂ ನೆನಪಿದೆ. ಆಗ ನಮ್ಮ ಸ್ಟಾಫ್ ರೂಮಿನಲ್ಲಿ, ಇವರಿಗೆ ಲೈನ್ ಮನೆ ಇತ್ತಲ್ಲ, ಏನು ಕಡಿಮೆಯಾಗಿತ್ತು ಎಂಬ ಚರ್ಚೆ ನಡೆಯಿತು. ನಾನೂ ಅದರಲ್ಲಿದ್ದೆ. ವಿಳಾಸದ ಜಾಗದಲ್ಲಿ ಬರೆಯಲು ಸ್ವಂತದ್ದೊಂದು ಬೇಕಾಗಿತ್ತು ಎಂದು ಆಗ ನನಗೆ ತೋಚಿರಲಿಲ್ಲ.

ಆ ಬೇಸಿಗೆಯಲ್ಲಿ ನಾನೂ ಆ ತಾಯಿಯೂ ಒಂದು ಸಣ್ಣ ಕೆಲಸ ಮಾಡಿದೆವು. ಕಾರ್ಡನ್ನು ಎಲೆ ಅಡಿಕೆ ಚೀಲದಿಂದ ತೆಗೆದು, ಮೇಲೆ ರಂಧ್ರ ಮಾಡಿ, ನನ್ನ ಶಾಲೆಯ ಗುರುತಿನ ಚೀಟಿಯ ಹಳೆಯ ದಾರಕ್ಕೆ ಪೋಣಿಸಿದೆವು. ಹೋದ ತಕ್ಷಣ ಮೇಜಿನ ಮೇಲೆ ಇಡಬೇಕು, ಅವರು ಏನೇ ಕೇಳಲಿ ಮೊದಲು ಇದನ್ನು ಇಡಬೇಕು ಎಂದೆ. ಅವರು ಎರಡು ಸಲ ಇಟ್ಟು ತೋರಿಸಿದರು, ನಮ್ಮ ಊಟದ ಮೇಜಿನ ಮೇಲೆ. ಅವರು ನಮ್ಮ ಮನೆಯ ಊಟದ ಮೇಜಿನ ಹತ್ತಿರ ಬಂದದ್ದು ಅದೇ ಮೊದಲು ಎಂದು ಅಮ್ಮ ಆಮೇಲೆ ಹೇಳಿದರು. ಮಳೆಗಾಲದಲ್ಲಿ ಮತ್ತೊಮ್ಮೆ ನೋವು ಬಂದಾಗ ನಾನು ತರಬೇತಿಗೆಂದು ಮೈಸೂರಿನಲ್ಲಿದ್ದೆ. ಆಟೋದಲ್ಲಿ ಅವರೇ ಕರೆದುಕೊಂಡು ಹೋಗಿದ್ದರು. ಏನಾಯಿತು ಎಂದು ಕೇಳಿದೆ. "ಇಟ್ಟೆ" ಎಂದರು. "ನೋಡಿದರು." ಮತ್ತೆ? "ಕುಡಿದಿದ್ದಾನಾ ಎಂದೂ ಕೇಳಿದರು."

ಕಳೆದ ಮೇ ತಿಂಗಳ ಕೊನೆಯ ಗುರುವಾರಗಳಲ್ಲೊಂದು. ಕುಂಡೆ ಹಬ್ಬ. ಬೇಟೆಗೆಂದು ಕರೆದುಕೊಂಡು ಹೋದ ಅಯ್ಯಪ್ಪ, ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ಕಾಡಿನಲ್ಲೇ ಬಿಟ್ಟನೆಂದು ಯರವರು, ಜೇನು ಕುರುಬರು ಅವನನ್ನು ಬಯ್ಯುವ ಹಬ್ಬ. ದೇವರನ್ನೇ ಬಯ್ದ ಮೇಲೆ ಮನುಷ್ಯರೆಷ್ಟರವರು. ಗಂಡಸರು ಸೀರೆ ಉಟ್ಟು, ಮುಖಕ್ಕೆ ಬಣ್ಣ ಬಳಿದು, ಪ್ಲಾಸ್ಟಿಕ್ ಕೊಡ ಬಡಿಯುತ್ತಾ ದೇವರಪುರಕ್ಕೆ ಹೋಗುವ ದಾರಿಯಲ್ಲಿ ಸಾಹುಕಾರರೆನ್ನದೆ ಪೊಲೀಸರೆನ್ನದೆ ಎಲ್ಲರನ್ನೂ ತಡೆದು, ಬಾಯಿಗೆ ಬಂದಂತೆ ಬಯ್ದು, ಕಾಸು ಕೇಳುತ್ತಾರೆ. ವರ್ಷಕ್ಕೊಂದು ದಿನ ಏಕವಚನ ಆ ಕಡೆಯಿಂದ ಈ ಕಡೆಗೆ ಹರಿಯುತ್ತದೆ. ಗೋಣಿಕೊಪ್ಪದ ಹತ್ತಿರ ಒಂದು ಗುಂಪು ನನ್ನ ಕಾರಿಗೆ ಅಡ್ಡ ನಿಂತಿತು. ಹಳದಿ ಸೀರೆ, ಕೆಂಪು ತುಟಿ, ಹೆಗಲಿಗೆ ಎರಡು ಲೀಟರಿನ ನೀರಿನ ಬಾಟಲಿ ಇಳಿಬಿಟ್ಟುಕೊಂಡ ಒಬ್ಬ ಕಿಟಕಿಯೊಳಗೆ ತಲೆ ಹಾಕಿದ. ಗುರುತು ಸಿಗಲು ಒಂದು ಕ್ಷಣ ಬೇಕಾಯಿತು. ಅವನು ನನ್ನ ಮಣಿಕಟ್ಟು ಹಿಡಿದು, ನಾಡಿ ನೋಡುವಂತೆ ಕಣ್ಣು ಮುಚ್ಚಿ, ಆ ನರ್ಸಿನ ದನಿಯಲ್ಲೇ ಕೇಳಿದ:

"ಏನೇ ರೈಟರ ಮಗಳೇ, ಕುಡಿದಿದ್ದೀಯಾ?"

ಇಲ್ಲ ಎಂದೆ. "ಸುಳ್ಳು. ಊದು" ಎಂದ. ಹಿಂದೆ ಕೊಡ ಬಡಿಯುವವರೆಲ್ಲ ನಿಲ್ಲಿಸಿ ನೋಡುತ್ತಿದ್ದರು. ಊದಿದೆ. ಅವನು ಮೂಗು ಮುಚ್ಚಿಕೊಂಡು, ತಲೆ ಹಿಂದಕ್ಕೆಳೆದು, "ಅಡ್ಮಿಟ್ ಮಾಡಬೇಕು, ನೂರು ರೂಪಾಯಿ" ಎಂದ. ಪರ್ಸಿನಲ್ಲಿ ಐವತ್ತರದ್ದೊಂದೇ ಇತ್ತು. ಅದನ್ನು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿ, ರವಿಕೆಯೊಳಗೆ ಸಿಕ್ಕಿಸಿಕೊಂಡು, ಬಾಕಿ ಐವತ್ತು ಎಂದು ಹೇಳಿ ಹಿಂದಿನ ಜೀಪಿನ ಕಡೆ ಹೋದ.